ಮೊಳೆಗೆ ತೂಗಿದ ಕಾಫಿ

ತ್ರಿಯೆಸ್ತೆ ಬಂದರಿನ ಹಿಂದಿನ ಈ ಅಂಗಡಿಯಲ್ಲಿ
ಕಾಫಿ ಕೊಡಿ ಎಂದು ಯಾರೂ ಕೇಳುವುದಿಲ್ಲ.
ನೇರೋ ಅನ್ನಬೇಕು. ಹಾಗೆಂದರೆ ಕಪ್ಪು.
ಒಂದು ಕಪ್ಪಿನ ತಳದಲ್ಲಿ ಎರಡು ಗುಟುಕು ಕಪ್ಪು.
ಮೇಲೆ ಹಾಲಿನ ನೊರೆ ಬೇಕಿದ್ದರೆ ಕಾಪೋ,
ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೇಳಿದರೆ
ಕಾಪೋ ಇನ್ ಬಿ,
ನಟ್ಟನಡುವೆ ಬಿಳಿಯ ಒಂದೇ ಹನಿ ಸಾಕೆಂದರೆ
ಗೊಚ್ಚ.

ಇಷ್ಟು ಕಲಿಯಲು ಒಂದು ಚಳಿಗಾಲ ಹಿಡಿಯಿತು ನನಗೆ,
ನೊವಿ ಸಾದ್‌ನಿಂದ ಬಂದು ಕಪ್ಪು ಬಸಿ ತೊಳೆಯಲು ನಿಂತವನಿಗೆ.
ಬಾಡಿಗೆ, ಜ್ವರ, ಇಲ್ಲಿ ಸಹಿ ಮಾಡಿ,
ಇಂಥ ಮಾತೆಲ್ಲ ಆಮೇಲೆ ಬಂದವು.

ನೆರೀನಾ ಕಲಿಸಿದ್ದು:
ಕೂತು ಕುಡಿದರೆ ಬೆಲೆ ಹೆಚ್ಚು, ನಿಂತರೆ ಕಡಿಮೆ.
ಹನ್ನೊಂದು ಹೊಡೆದ ಮೇಲೆ ಹಾಲು ಕೇಳಿದವನನ್ನು ಬೈಯಬೇಡ,
ಮೈಗೆ ಹುಷಾರಿಲ್ಲವೇ ಎಂದು ಕೇಳು, ಸಾಕು.
ಕಪ್ಪಿನ ಕಿವಿ ಗಿರಾಕಿಯ ಬಲಗೈ ಕಡೆಗಿರಲಿ.
ಎಡಚರನ್ನು ನೆನಪಿಡು.

ಅವನ ಹೆಸರು ಸಾಬಾತೋ, ಅಂದರೆ ಶನಿವಾರ;
ಬಂದದ್ದು ಮಂಗಳವಾರ.
ದಕ್ಷಿಣದ ಸಲೆರ್ನೋ ಕಡೆಯವನು, ರೈಲಿನ ಸಿಗ್ನಲ್ ರಿಪೇರಿಗೆ
ನಾಲ್ಕು ತಿಂಗಳ ಮಟ್ಟಿಗೆ ವರ್ಗವಾಗಿ ಬಂದವನು.
ಉನ್ ಕಫೆ, ಅಂದ.
ಅಂಗಡಿಯೆಲ್ಲ ಒಮ್ಮೆ ತಿರುಗಿ ನೋಡಿತು.
ಮೊದಲು ಒಂದು ಲೋಟ ನೀರು ಕೇಳಿ, ಪೂರ್ತಿ ಕುಡಿದು
ಆಮೇಲೆ ಕಾಫಿ ಮುಟ್ಟಿದ.
ಕಾಫಿಯ ಮೇಲೆ ನೀರು ಕುಡಿದರೆ
ಮಾಡಿದವಳ ಮುಖಕ್ಕೆ ಎರಚಿದ ಹಾಗಂತೆ, ಅವರ ಕಡೆ.

ಎರಡರ ದುಡ್ಡು ಇಟ್ಟ.
ಕುಡಿದದ್ದು ಒಂದೇ, ಎಂದಳು ನೆರೀನಾ.
ಇನ್ನೊಂದು ಸೊಸ್ಪೇಸೊ, ಅಂದ. ತೂಗುಬಿಟ್ಟದ್ದು.
ಕೈಯಲ್ಲಿ ಕಾಸಿಲ್ಲದವರು ಯಾರಾದರೂ ಬಾಗಿಲಲ್ಲಿ ತಲೆ ಹಾಕಿ
ತೂಗುಬಿಟ್ಟದ್ದು ಇದೆಯೇ ಎಂದರೆ, ಅವರಿಗೆ.
ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲವಲ್ಲ.
ಕೇಳುವವರೆಗೆ ಇರಲಿ.

ನೆರೀನಾಗೆ ಲೆಕ್ಕ ತಪ್ಪಿದರೆ ನಿದ್ದೆ ಬರದು.
ಕ್ಯಾಲೆಂಡರಿನ ಪಕ್ಕದ ಮೊಳೆಗೆ ರಸೀದಿ ಚುಚ್ಚಿದಳು.
ಹೀಗೆ ವಾರಕ್ಕೊಂದು. ಬಾಗಿಲು ತೆರೆದಾಗಲೆಲ್ಲ
ಬೋರಾ ಗಾಳಿ ನುಗ್ಗಿ
ಕಾಫಿಗಳು ಗೋಡೆಯ ಮೇಲೆ ಪಟಪಟ ಅನ್ನುತ್ತಿದ್ದವು.

ಒಂದು ಬೆಳಗ್ಗೆ ಮುದುಕ ಲಿಬೆರೋ,
ಹಡಗುಗಳಲ್ಲಿ ಅಡುಗೆ ಮಾಡಿ ದಣಿದವನು,
ಅಂಗೈ ಮೇಲೆ ಚಿಲ್ಲರೆ ಎಣಿಸಿದ. ಮತ್ತೆ ಎಣಿಸಿದ.
ನೆರೀನಾ ಮಾತಾಡದೆ ಗಲ್ಲದಿಂದ ಮೊಳೆ ತೋರಿಸಿದಳು.
ಅವನು ಟೋಪಿ ಹಾಕಿಕೊಂಡು ಹೊರಟೇ ಹೋದ.
ಮೂರು ದಿನ ಇತ್ತ ಸುಳಿಯಲಿಲ್ಲ.
ನಾಲ್ಕನೆಯ ದಿನ ಬಂದು
ಸರಿಯಾದ ಚಿಲ್ಲರೆ ಟಪ್ಪೆಂದು ಇಟ್ಟು,
ನೇರೋ, ಅಂದ, ಜೋರಾಗಿ.
ಕೊಡುವುದಕ್ಕೂ ಒಂದು ಭಾಷೆ ಬೇಕು,
ನಮಗದು ಬರುತ್ತಿರಲಿಲ್ಲ.

ಮಾರ್ಚಿಯಲ್ಲಿ ಸಾಬಾತೋ ಊರಿಗೆ ಮರಳಿದ.
ಹದಿನೇಳು ಚೀಟಿ. ಕೇಳಿದವರು ಯಾರೂ ಇಲ್ಲ.

ಆಮೇಲೊಂದು ಮಧ್ಯಾಹ್ನ,
ಬೀದಿಯಲ್ಲಿ ಹಿಡಿದು ನಡೆಯಲು ಹಗ್ಗ ಕಟ್ಟುವಂಥ ಗಾಳಿ.
ಗಿರಾಕಿಯ ಸುಳಿವಿಲ್ಲ.
ನೆರೀನಾ ಏಪ್ರನ್ ಬಿಚ್ಚಿ ಮಡಿಸಿಟ್ಟಳು,
ಕಟ್ಟೆಯನ್ನು ಸುತ್ತಿ ಆ ಕಡೆ ಹೋಗಿ ನಿಂತಳು.
ಮೂವತ್ತೊಂದು ವರ್ಷದಲ್ಲಿ ಆ ಕಡೆ ಹೋಗಿದ್ದು
ನೆಲ ಒರೆಸಲು ಮಾತ್ರ.
ಅಲ್ಲಿಂದ ಅವಳು ಗಿಡ್ಡವಾಗಿ ಕಂಡಳು.
ತೂಗುಬಿಟ್ಟದ್ದು ಇದೆಯೇ, ಎಂದು ಕೇಳಿದಳು.
ನಗಲಿಲ್ಲ.
ಮೊದಲು ನೀರು. ಆಮೇಲೆ, ಉನ್ ಕಫೆ.

ಮೆಷಿನ್ನಿನ ಹಿಡಿಕೆ ನಾನು ಎಳೆದದ್ದು ಅದೇ ಮೊದಲು.
ಕೈ ನಡುಗಿ ಬಸಿಗೆ ಸ್ವಲ್ಪ ಚೆಲ್ಲಿತು.
ಕಪ್ಪಿನ ಕಿವಿಯನ್ನು ಅವಳ ಬಲಕ್ಕೆ ತಿರುಗಿಸಿ ಇಟ್ಟೆ.
ಅವಳು ಸುಮ್ಮನೆ
ಎಡಕ್ಕೆ ತಿರುಗಿಸಿಕೊಂಡಳು.

ಎರಡು ವರ್ಷ ಅವಳಿಗೆ ಬೆನ್ನು ಹಾಕಿ
ತೊಳೆಯುತ್ತಲೇ ಇದ್ದೆ ನಾನು.

ಮೊಳೆಯಲ್ಲಿ ಈಗ ಹದಿನಾರು.
ಕುಡಿದ ಕಪ್ಪನ್ನು ತೊಳೆಯಲು ತಾನೇ ಒಳಗೆ ಬಂದಳು.
ನಾನು ಕೊಡಲಿಲ್ಲ.